ಹನ್ನೆರಡು ನಿಮಿಷ ಮುಂದಿದ್ದ ಗಡಿಯಾರ

ಹದಿನೇಳನೆಯ ಚೀಟಿಗೆ ಟಿಕ್ ಹಾಕಿ ರಝಿಯಾ ಹದಿನೆಂಟನೆಯದನ್ನು ಎತ್ತಿಕೊಂಡಳು. ಪ್ರತಿ ಟಿಕ್ಕಿನ ನಂತರ ಪೆನ್ನಿನ ಮುಚ್ಚಳ ಹಾಕುವುದು, ಮತ್ತೆ ತೆಗೆಯುವುದು. ಹಾಗೆ ಮಾಡಿದರೆ ಎರಡು ಚೀಟಿಗಳ ನಡುವೆ ಉಸಿರು ಬಿಡಲು ಒಂದಿಷ್ಟು ಜಾಗ ಸಿಗುತ್ತಿತ್ತು.

ಕೆಲಸವೇನೋ ಸುಲಭದ್ದು. ಚೀಟಿಯಲ್ಲಿ ಅಚ್ಚಾದ ತಾರೀಕು, ಗಂಟೆ ಓದಬೇಕು. ಮೂರನೇ ಕೌಂಟರಿನ ಕ್ಯಾಮೆರಾದಲ್ಲಿ ಅದೇ ತಾರೀಕು, ಅದೇ ಗಂಟೆಗೆ ಹೋಗಬೇಕು. ಕಂಡದ್ದನ್ನು ಹಾಳೆಯಲ್ಲಿ ಬರೆಯಬೇಕು. ಗಿರಾಕಿಗಳು ಸಾಮಾನು ವಾಪಸು ತಂದಾಗ ಹಣ ಹಿಂದೆ ಕೊಟ್ಟು ತೆಗೆಯುವ ರಿಟರ್ನ್ ಚೀಟಿಗಳು ಇವು. ಒಂದೇ ತಿಂಗಳಲ್ಲಿ ಇಪ್ಪತ್ತಮೂರು. ಒಟ್ಟು ಐವತ್ತೆಂಟು ಸಾವಿರ ರೂಪಾಯಿ. ಎಲ್ಲದರ ತಲೆಯಲ್ಲೂ ಒಂದೇ ಹೆಸರು: ಸೌದಾಮಿನಿ, ಕೌಂಟರ್ ಮೂರು.

ಹದಿನೇಳು ಚೀಟಿಗಳಿಗೂ ಕ್ಯಾಮೆರಾ ತೋರಿಸಿದ್ದು ಒಂದೇ ನೋಟ. ಎದುರಿಗೆ ಗಿರಾಕಿ ಇಲ್ಲ. ವಾಪಸು ಬಂದ ಸಾಮಾನೂ ಇಲ್ಲ. ಡ್ರಾಯರ್ ತೆರೆದು, ಕೈಯಲ್ಲಿ ನೋಟು ಹಿಡಿದು ಸೌದಾಮಿನಿ ಒಬ್ಬಳೇ ನಿಂತಿದ್ದಾಳೆ.

ರಝಿಯಾ ಮಹಡಿಯ ಕ್ಯಾಮೆರಾ ಕೋಣೆಯಲ್ಲಿ, ಸೌದಾಮಿನಿ ಈಗ ಕೆಳಗೆ ಇದ್ದಳು. ನೇರ ಚಿತ್ರ ಬರುವ ಇನ್ನೊಂದು ಪರದೆಯಲ್ಲಿ, ಅಕ್ಕಿ ಚೀಲಗಳ ಪಕ್ಕದ ಬೆಂಚಿನಲ್ಲಿ, ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಅವಳನ್ನು ಕೌಂಟರಿಗೆ ಬಿಟ್ಟಿರಲಿಲ್ಲ. ಮಧೂರಿನಿಂದ ಎಂಟು ಗಂಟೆಯ ಬಸ್ಸಿಗೆ ಬಂದವಳು ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಂಗಡಿಯಲ್ಲಿ ಕೆಲಸವಿಲ್ಲದೆ ಕೂತಿದ್ದಳು.

ಸಂಜೆ ಐದಕ್ಕೆ ಅವಳನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗುವುದೆಂದು ನಿನ್ನೆ ರಾತ್ರಿಯೇ ತೀರ್ಮಾನ ಆಗಿತ್ತು. ಅಂಗಡಿಯ ಯಜಮಾನ, ಮೊದಲಾಳಿ ಪೊಕ್ಕರ್ ಹಾಜಿ, ಊರಿಗೆಲ್ಲ ಪೊಕ್ಕರಿಚ್ಚ, ಒಂದು ಮಾತು ಹೇಳಿದ್ದರು: "ಕಣ್ಣಲ್ಲಿ ನೋಡದೆ ಒಂದು ಹೆಣ್ಣಿನ ಮೇಲೆ ನಾನು ಕಂಪ್ಲೇಂಟ್ ಕೊಡುವುದಿಲ್ಲ. ರಝಿಯಾ ಇಪ್ಪತ್ತಮೂರನ್ನೂ ನೋಡಲಿ. ಸೈನು ಹಾಕಿ ಕೊಡಲಿ. ಸ್ಟೇಷನ್ನಿನಲ್ಲಿ ಹಾಳೆ, ವಿಡಿಯೊ ಎರಡನ್ನೂ ಎದುರಿಗಿಟ್ಟು ಮಾತಾಡುವ."

ಹಾಗಾಗಿ ಸೌದಾಮಿನಿಯ ಮಾನ ಈಗ ರಝಿಯಾಳ ಪೆನ್ನಿನ ತುದಿಯಲ್ಲಿತ್ತು.

ಪರದೆ ನೋಡುವ ಕೆಲಸಕ್ಕೆ ಅವಳನ್ನು ಆರಿಸಿದ್ದು ಸುಮ್ಮನೆ ಅಲ್ಲ. ರಝಿಯಾಳ ಗಂಡ ಶಾರ್ಜಾಕ್ಕೆ ಹೋಗಿ ಹದಿನಾಲ್ಕು ವರ್ಷ ಆಯಿತು. ಅಂಗೈಯಗಲದ ಪರದೆಯಲ್ಲಿ ಮುಖ ನೋಡಿಕೊಂಡೇ ಅವಳು ಸಂಸಾರ ಮಾಡಿದ್ದಳು. 'ಊಟ ಆಯ್ತು' ಎಂದು ಅವನು ಹೇಳಿದರೆ ಆಯಿತೋ ಇಲ್ಲವೋ ಎಂಬುದು ಅವಳಿಗೆ ಅವನ ಮುಖದಿಂದಲೇ ಗೊತ್ತಾಗುತ್ತಿತ್ತು. ಅಂಥವಳಿಗೆ ಈ ಹದಿನೇಳು ಚಿತ್ರಗಳಲ್ಲಿ ಒಂದು ಸಂಗತಿ ಮಾತ್ರ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಕಾಡುತ್ತಿತ್ತು. ಸೌದಾಮಿನಿಯ ಕೈಗಳು ಅವಸರ ಮಾಡುತ್ತಿರಲಿಲ್ಲ. ನೋಟು ಸರಿಮಾಡಿ, ರಬ್ಬರ್ ಹಾಕಿ, ಅವಳು ಒಮ್ಮೆ ಆಕಳಿಸಿಯೂ ಇದ್ದಳು. ಕದಿಯುವವರು ಆಕಳಿಸುತ್ತಾರೆಯೆ?

ಹದಿನೆಂಟನೆಯ ಚೀಟಿ ಕಳೆದ ಶುಕ್ರವಾರದ್ದು. ಇಪ್ಪತ್ತಮೂರರಲ್ಲಿ ಶುಕ್ರವಾರದ್ದು ಇದೊಂದೇ. ಗಂಟೆ ಹನ್ನೆರಡು ನಲವತ್ತನಾಲ್ಕು.

ರಝಿಯಾ ಪರದೆಯನ್ನು ಅಲ್ಲಿಗೆ ಸರಿಸಿದಳು.

ಹನ್ನೆರಡು ನಲವತ್ತನಾಲ್ಕಕ್ಕೆ ಮೂರನೇ ಕೌಂಟರಿನಲ್ಲಿ ಐದು ಜನ ಸಾಲುಗಟ್ಟಿ ನಿಂತಿದ್ದರು. ಸೌದಾಮಿನಿ ಮೀನಿನ ಮಸಾಲೆ, ಎಣ್ಣೆ, ಮಗುವಿನ ಬಿಸ್ಕತ್ತು ಒಂದೊಂದಾಗಿ ಮೆಷಿನಿಗೆ ತೋರಿಸುತ್ತಿದ್ದಳು. ಕೈ ಬಿಡುವಿರಲಿಲ್ಲ. ಮುಂದಿನ ಮೂರು ನಿಮಿಷವೂ ಅಷ್ಟೆ. ವಾಪಸು ಬಂದದ್ದು ಒಂದು ಉಪ್ಪಿನ ಪ್ಯಾಕೆಟ್ ಕೂಡ ಇಲ್ಲ. ಹಾಗಿದ್ದರೆ ಈ ಎರಡು ಸಾವಿರದ ಆರುನೂರರ ಚೀಟಿ ಹುಟ್ಟಿದ್ದು ಯಾವಾಗ?

ಅವಳು ಮತ್ತೆ ಹಿಂದಕ್ಕೆ ಹೋದಳು. ಮತ್ತೆ ಮುಂದಕ್ಕೆ.

ಆಗ ಹಿಂಬದಿಯ ಕಿಟಕಿಯಿಂದ ಮಸೀದಿಯ ಕರೆ, ಇವತ್ತಿನ ಶುಕ್ರವಾರದ ಜುಮಾದ ಬಾಂಗು ಕೇಳಿಸಿತು.

ನೇರ ಚಿತ್ರದಲ್ಲಿ ಅಂಗಡಿಯ ಗಂಡಸರೆಲ್ಲ ಕೈಯಲ್ಲಿದ್ದದ್ದನ್ನು ಇಟ್ಟು ಬಾಗಿಲ ಕಡೆ ಹೊರಟರು. ಯಾರೋ ಶಟರನ್ನು ಅರ್ಧಕ್ಕೆ ಎಳೆದರು. ಶುಕ್ರವಾರ ಬಾಂಗು ಕೂಗಿದ ಮೇಲೆ ನಲವತ್ತು ನಿಮಿಷ ಆ ಅಂಗಡಿ ಹೆಂಗಸರದ್ದು. ಬಿಲ್ಲು ಇಲ್ಲ, ವ್ಯಾಪಾರ ಇಲ್ಲ. ಊಟ, ಮಾತು, ನಗು.

ರಝಿಯಾ ಪರದೆಯ ಮೂಲೆ ನೋಡಿದಳು. ಹನ್ನೆರಡು ಐವತ್ತು.

ಗೋಡೆಯಲ್ಲಿ ಮಸೀದಿ ಕಮಿಟಿಯ ಕ್ಯಾಲೆಂಡರ್ ತೂಗುತ್ತಿತ್ತು. ದಿನದಿನದ ಬಾಂಗಿನ ಹೊತ್ತು ಅದರಲ್ಲಿ ಸಾಲಾಗಿ ಅಚ್ಚಾಗಿತ್ತು. ಇವತ್ತಿನದು ಹನ್ನೆರಡು ಮೂವತ್ತೆಂಟು.

ಅವಳು ಕ್ಯಾಲೆಂಡರ್ ನೋಡಿದಳು. ಪರದೆ ನೋಡಿದಳು. ಬಾಗಿಲ ಮೇಲಿನ ಗಡಿಯಾರ ನೋಡಿದಳು. ಅದೂ ಹನ್ನೆರಡು ಐವತ್ತು ತೋರಿಸುತ್ತಿತ್ತು.



ಈ ಅಂಗಡಿಯ ಗಡಿಯಾರಗಳೆಲ್ಲ ಹನ್ನೆರಡು ನಿಮಿಷ ಮುಂದೆ. ಪೊಕ್ಕರಿಚ್ಚನೇ ಹಾಗೆ ಇಡಿಸಿದ್ದು. ಕಿರಾಣಿ ಅಂಗಡಿಯ ಕಾಲದಿಂದಲೂ ಹಾಗೆಯೇ. ನಮಾಝಿಗೆ ಯಾರೂ ತಡ ಮಾಡಬಾರದು, ಬೆಳಿಗ್ಗೆ ಯಾರೂ ಬಸ್ಸಿನ ಕತೆ ಹೇಳಬಾರದು. ಒಳಗೆ ಬರುವಾಗ ಎಲ್ಲರ ಮೊಬೈಲೂ ಬಾಗಿಲ ಪಕ್ಕದ ಪೆಟ್ಟಿಗೆಗೆ. ಆದ್ದರಿಂದ ಒಳಗಿದ್ದವರಿಗೆ ಬೇರೆ ಗಂಟೆಯೇ ಇರಲಿಲ್ಲ. ಊಟ, ಚಾ, ಮನೆಗೆ ಹೋಗುವುದು ಎಲ್ಲವೂ 'ಪೊಕ್ಕರಿಚ್ಚನ ಗಂಟೆ'ಗೆ. ತಮಾಷೆ ಹಳತಾಗಿ, ತಮಾಷೆ ಎಂಬುದೇ ಮರೆತು ಹೋಗಿತ್ತು.

ಬಿಲ್ಲಿನ ಮೆಷಿನಿಗೆ ಮಾತ್ರ ಆ ಗಂಟೆ ಗೊತ್ತಿಲ್ಲ. ಅದು ಇಂಟರ್ನೆಟ್ಟಿನಿಂದ ಸರಿಯಾದ ಹೊತ್ತು ತೆಗೆದುಕೊಳ್ಳುತ್ತದೆ.

ಮತ್ತೆ ಈ ಕ್ಯಾಮೆರಾದ ಪೆಟ್ಟಿಗೆ? ಜೂನಿನಲ್ಲಿ ಸಿಡಿಲು ಬಡಿದು ಹಳೆಯದು ಸುಟ್ಟಿತ್ತು. ಕ್ಯಾಮೆರಾಕ್ಕೆ ಹೋಗುವ ನೆಟ್ಟಿನ ವಯರೂ ಸುಟ್ಟಿತ್ತು. ಹೊಸದನ್ನು ಕೂರಿಸಲು ಬಂದ ಪ್ರವೀತ್ ಏಣಿಯ ಮೇಲಿಂದ ಕೇಳಿದ್ದ, "ಅಕ್ಕ, ಗಂಟೆ ಎಷ್ಟು ಕೊಡ್ಲಿ?"

"ಅಲ್ಲಿ ಗೋಡೆಯಲ್ಲಿ ಉಂಟಲ್ಲ ಮಾರಾಯ, ನೋಡಿ ಹಾಕು," ಎಂದವಳು ಬೇರೆ ಯಾರೂ ಅಲ್ಲ, ಇದೇ ರಝಿಯಾ.

ರಝಿಯಾ ಪೆನ್ನಿನ ಮುಚ್ಚಳ ಹಾಕಿದಳು. ತೆಗೆಯಲಿಲ್ಲ.

ಇಷ್ಟು ದಿನ ಅವಳು ಚೀಟಿ ಹುಟ್ಟಿದ ಹೊತ್ತನ್ನು ನೋಡಿರಲಿಲ್ಲ. ಅದಕ್ಕೂ ಹನ್ನೆರಡು ನಿಮಿಷ ಮೊದಲಿನದನ್ನು ನೋಡಿ ಟಿಕ್ ಹಾಕಿದ್ದಳು. ಊಟಕ್ಕೆ ಏಳುವ ಮೊದಲು ಡ್ರಾಯರಿನ ನೋಟು ಕಟ್ಟಿ ಇಡುವುದು ಸೌದಾಮಿನಿಯ ದಿನದ ಅಭ್ಯಾಸ. ಆ ಅಭ್ಯಾಸವನ್ನೇ ಹದಿನೇಳು ಸಲ ಕಳವು ಎಂದು ಬರೆದದ್ದು ತನ್ನ ಈ ಕೈ.

ಅವಳು ಹದಿನೆಂಟನೆಯ ಚೀಟಿಗೆ ಹನ್ನೆರಡು ನಿಮಿಷ ಕೂಡಿಸಿದಳು. ಪರದೆಯ ಹನ್ನೆರಡು ಐವತ್ತಾರಕ್ಕೆ ಹೋದಳು.

ಗಂಡಸರು ಹೋಗಿಯಾಗಿತ್ತು. ಶಟರ್ ಅರ್ಧ ಇಳಿದಿತ್ತು. ಸೌದಾಮಿನಿಯ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಮುಖ ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ಕಪ್ಪು ಬುರ್ಖಾದ ಬೆನ್ನು, ಮೇಜಿನ ಮೇಲೆ ಟಿಫಿನ್ ಕ್ಯಾರಿಯರ್, ಕೀ ಒತ್ತುವ ಎರಡು ಕೈ.

ಕೈ ಸಾಕಾಗಿತ್ತು. ಎಡಗೈಯ ಉಂಗುರದ ಬೆರಳು ಮಡಚುವುದಿಲ್ಲ. ಬಲಗೈಯಲ್ಲಿ ಹಳೆಯ ಕಾಲದ ಅಗಲದ ಬಳೆ. ಆ ಕೈ ತಟ್ಟಿದ ಅಕ್ಕಿರೊಟ್ಟಿಯನ್ನು, ಪತ್ತಿರಿಯನ್ನು, ರಝಿಯಾ ನೂರು ಸಲ ತಿಂದಿದ್ದಳು.

ಐದನೆಯ ಚೀಟಿ ತೆಗೆದಳು. ಹನ್ನೆರಡು ಕೂಡಿಸಿದಳು. ಅದೇ ಕೈ. ಒಂಬತ್ತನೆಯದರಲ್ಲಿ ಕುರ್ಚಿ ಖಾಲಿಯಿತ್ತು, ಏನೂ ಅರ್ಥವಾಗದೆ ಅದನ್ನು ಪಕ್ಕಕ್ಕಿಟ್ಟಳು. ಮೂರನೆಯದರಲ್ಲಿ ಮತ್ತೆ ಅದೇ ಕೈ.

ಮೆಟ್ಟಿಲಲ್ಲಿ ಸದ್ದಾಯಿತು.

"ಬಾಗಿಲು ಯಾಕೆ ಹಾಕಿದ್ದಿ ಮೋಳೆ? ಗಂಡಸರು ಯಾರೂ ಇಲ್ಲ," ಎಂದು ಮಗಳನ್ನು ಕರೆಯುವ ಸ್ವರದಲ್ಲಿ ಹೇಳುತ್ತ ಪಾತುಮ್ಮ ಒಳಗೆ ಬಂದರು.

ಪೊಕ್ಕರಿಚ್ಚನ ಹೆಂಡತಿ. ಅರವತ್ತೊಂದು ವರ್ಷ. ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದು ಹತ್ತು ದಿನವಾಗಿತ್ತಷ್ಟೆ. ಕಪ್ಪು ಕನ್ನಡಕ. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಪತ್ತಿರಿ, ಬಂಗುಡೆ ಮೀನಿನ ಸಾರು. ಶುಕ್ರವಾರದ ಈ ತಟ್ಟೆ ರಝಿಯಾಳಿಗೆ ಆರು ವರ್ಷದಿಂದ ತಪ್ಪಿರಲಿಲ್ಲ.

"ಈಗ ಎಲ್ಲ ಚಂದ ಕಾಣ್ತದೆ ಮಾರಾಯ್ತಿ," ಪಾತುಮ್ಮ ಕನ್ನಡಕ ತೆಗೆದು ನಕ್ಕರು. "ನಿನ್ನ ಮುಖದಲ್ಲಿ ಇಷ್ಟು ಗೆರೆ ಉಂಟಾ? ಮೊದಲು ನೀನು ಒಳ್ಳೆ ಚಂದ ಇದ್ದಿ."

ರಝಿಯಾ ನಗಲಿಲ್ಲ. ಪರದೆಗೆ ಅಡ್ಡವಾಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ.

ಪಾತುಮ್ಮನ ಹೊಸ ಕಣ್ಣು ಪರದೆಯ ಮೇಲೆ ಹೋಯಿತು. ಅಲ್ಲಿ ಅವರದೇ ಕೈಗಳು ಕೀಗಳ ಮೇಲೆ ನಿಂತಿದ್ದವು. ತಟ್ಟೆಯನ್ನು ಮೇಜಿನ ಮೇಲಿಟ್ಟರು. ಸಾರು ಸ್ವಲ್ಪ ಚೆಲ್ಲಿತು. ಸೆರಗಿನಿಂದ ಒರೆಸಿದರು. ಒರೆಸುವುದು ಮುಗಿದ ಮೇಲೂ ಒರೆಸಿದರು.

"ಇತ್ತಾ," ಎಂದು ಅಕ್ಕನನ್ನು ಕರೆಯುವ ಹಾಗೆ ಕರೆದಳು ರಝಿಯಾ, "ಇದು ನೀವೇ ಅಲ್ವಾ?"

"ನನ್ನ ಕೈ ನನಗೆ ಗೊತ್ತಾಗುದಿಲ್ವಾ?"

"ರಿಟರ್ನ್ ಮಾಡ್ಲಿಕ್ಕೆ ಯಾರು ಕಲಿಸಿದ್ದು?"

"ಕೊರೋನಾ ಸಮಯದಲ್ಲಿ ಎರಡು ತಿಂಗಳು ಆ ಕುರ್ಚಿಯಲ್ಲಿ ಕೂತವಳು ಯಾರು? ಆಗ ನಿಮ್ಮಲ್ಲಿ ಒಬ್ಬರಾದ್ರೂ ಬಂದಿದ್ರಾ?" ಪಾತುಮ್ಮ ಸ್ಟೂಲು ಎಳೆದು ಕೂತರು. "ಈ ಅಂಗಡಿ ಎಂತದರಲ್ಲಿ ಸುರು ಆದದ್ದು ಗೊತ್ತುಂಟಾ ನಿನಗೆ? ನನ್ನ ನಲವತ್ತು ಪವನ್ ಚಿನ್ನದಲ್ಲಿ. ಅದನ್ನು ತಿರುಗಿ ಮಾಡಿಸಿ ಕೊಡ್ತೇನೆ ಅಂತ ಮೂವತ್ತು ವರ್ಷದಿಂದ ಹೇಳ್ತಾ ಇದ್ದಾರೆ. ನನ್ನದನ್ನು ನಾನು ತೆಗೆದರೆ ಅದಕ್ಕೆ ಕಳವು ಅಂತಾರಾ?"

"ಕಳವು ಅಲ್ಲದಿದ್ರೆ ಸೌದಾಮಿನಿಯ ಹೆಸರಿನಲ್ಲಿ ಯಾಕೆ ತೆಗೆದ್ರಿ?"

ಪಾತುಮ್ಮ ತಲೆ ಎತ್ತಿದರು.

"ಅವಳ ಹೆಸರಿನಲ್ಲಿ?"

ರಝಿಯಾ ಚೀಟಿಯನ್ನು ಅವರ ಕಣ್ಣ ಹತ್ತಿರ ಹಿಡಿದಳು. ಮೇಲಿನ ಸಾಲಿಗೆ ಬೆರಳಿಟ್ಟಳು. "ಅವಳು ಊಟಕ್ಕೆ ಹೋಗುವಾಗ ಮೆಷಿನ್ ಬಂದ್ ಮಾಡಿ ಹೋಗುದಿಲ್ಲ, ನೀವು ಕೂರ್ತೀರಿ ಅಂತ. ಅವಳ ಕೋಡಿನಲ್ಲಿ ಒತ್ತಿದ್ರೆ ಅವಳ ಹೆಸರೇ ಬೀಳ್ತದೆ."

"ಅಲ್ಲಾಹ್," ಎಂದರು ಪಾತುಮ್ಮ ಮೆಲ್ಲಗೆ. "ಕಣ್ಣು ಮಂಜು ಇತ್ತು ಮಾರಾಯ್ತಿ, ಆಪರೇಷನ್ ಆದ ಮೇಲೂ ಮೊನ್ನೆಯವರೆಗೆ. ಹಣ ಬಂತಾ, ಡ್ರಾಯರ್ ಮುಚ್ಚಿತಾ, ಅಷ್ಟೇ ನೋಡಿದ್ದು. ಚೀಟಿ ಓದ್ಲಿಲ್ಲ."

"ಕೆಳಗೆ ಅವಳನ್ನು ಬೆಂಚಿನಲ್ಲಿ ಕೂರಿಸಿದ್ದನ್ನು ನೋಡಿದ್ರಲ್ಲ?"

"ನೋಡಿದೆ. ಎಂತಾಯ್ತು ಅಂತ ಕೇಳಿದ್ದಕ್ಕೆ, ಏನೋ ಲೆಕ್ಕ ತಪ್ಪಿದೆ, ನೀವು ತಲೆ ಬಿಸಿ ಮಾಡ್ಬೇಡಿ ಅಂದ ರಿಯಾಝ್."

ರಿಯಾಝ್ ಅಂದರೆ ಮುಹಮ್ಮದ್ ರಿಯಾಝ್. ಪಾತುಮ್ಮನ ಅಳಿಯ, ಅಂಗಡಿಯ ಮ್ಯಾನೇಜರ್.

"ತಲೆ ಬಿಸಿ ಮಾಡುವಂಥದ್ದೇ. ಐದು ಗಂಟೆಗೆ ಅವಳನ್ನು ಪೊಲೀಸರ ಹತ್ತಿರ ಕರ್ಕೊಂಡು ಹೋಗ್ತಾರೆ. ಹಾಗಾಗದಿರಬೇಕಾದ್ರೆ ನೀವು ಈಗಲೇ ಪೊಕ್ಕರಿಚ್ಚನಿಗೆ ಹೇಳ್ಬೇಕು."

ಪಾತುಮ್ಮ ಕಪ್ಪು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಕಿಟಕಿಯಾಚೆ ಮೈಕಿನಲ್ಲಿ ಖುತ್ಬಾದ ಪ್ರವಚನ ನಡೆಯುತ್ತಿತ್ತು.

"ಹೇಳ್ಲಿಕ್ಕೆ ಆಗುದಿಲ್ಲ," ಎಂದರು ಕೊನೆಗೆ. "ಸೋಮವಾರದವರೆಗೆ ಆಗುದಿಲ್ಲ."

"ಸೋಮವಾರ ಎಂತ ಉಂಟು?"

"ಸಜ್ನಾಳಿಗೆ ಕೆಲಸ ಆಗಿದೆ." ಮಗಳ ಹೆಸರು ಹೇಳುವಾಗ ಅವರ ಸ್ವರ ತಗ್ಗಿತು, ಖಾಲಿ ಅಂಗಡಿಯಲ್ಲೂ ತಗ್ಗಿತು. "ಸರಕಾರಿ ಕೆಲಸಕ್ಕೆ ಪಿ.ಎಸ್.ಸಿ. ಪರೀಕ್ಷೆ ಬರೆದಿದ್ದಳಲ್ಲ. ವಿದ್ಯಾನಗರದ ಆಫೀಸಿನಲ್ಲಿ ಕ್ಲರ್ಕು. ಆರ್ಡರ್ ಬಂದು ತಿಂಗಳಾಯ್ತು. ರಿಯಾಝ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ. ನನ್ನ ಹೆಂಡತಿ ಇನ್ನೊಬ್ಬನ ಫೈಲು ಹೊರ್ಲಿಕ್ಕೆ ಹೋಗುದು ಬೇಡ ಅಂತ. ಜಾಯಿನ್ ಆಗ್ಲಿಕ್ಕೆ ಕೊನೆಯ ದಿನ ಸೋಮವಾರ."

"ಆರ್ಡರ್ ಇಲ್ಲದೆ ಹೇಗೆ ಹೋಗುದು?"

"ಇನ್ನೊಂದು ಪ್ರತಿ ತೆಗೆಸಿದ್ದೇವೆ. ಅವಳಿಗೂ ಮಗುವಿಗೂ ಅಲ್ಲಿಯೇ ಒಂದು ಮನೆ ನೋಡಿದ್ದೇನೆ. ಎರಡು ಕೋಣೆ. ಅಡ್ವಾನ್ಸು, ಎರಡು ಹಾಸಿಗೆ, ಗ್ಯಾಸು. ಹಣ ಹೋದದ್ದು ಅಲ್ಲಿಗೆ. ನನ್ನ ಹತ್ತಿರ ಬೇರೆ ಎಲ್ಲಿಂದ ಬರ್ಬೇಕು? ಮೀನಿಗೆ ಕೊಡುವ ಹಣದ ಚಿಲ್ಲರೆ ಕೂಡ ಇವರಿಗೆ ವಾಪಸು ಕೊಡುವವಳು ನಾನು."

"ಪೊಕ್ಕರಿಚ್ಚ ಅಷ್ಟು ಕೆಟ್ಟವರಲ್ಲ, ಇತ್ತಾ. ಮಗಳಲ್ವಾ?"

"ಕೆಟ್ಟವರು ಅಂತ ನಾನೆಲ್ಲಿ ಹೇಳಿದೆ? ಒಳ್ಳೆಯವರು. ಹೇಳಿದ ಕೂಡ್ಲೆ ರಿಯಾಝನನ್ನು ಕರೀತಾರೆ, ಅವನ ಬಾಪಾನನ್ನು ಕರೀತಾರೆ, ಮಸೀದಿ ಜಮಾಅತಿನ ನಾಲ್ಕು ಜನರನ್ನು ಕರೀತಾರೆ. ಕೂತು ಮಾತಾಡಿ ಸರಿ ಮಾಡುವ ಅಂತಾರೆ. ಅವರು ಮಾತಾಡಿ ಮುಗಿಸುವಾಗ ಸೋಮವಾರ ದಾಟಿರ್ತದೆ."

ಗಂಡಸರು ಕೂತು ಮಾತಾಡಿ ಸರಿ ಮಾಡಿದ ಸಂಗತಿಗಳು ರಝಿಯಾಳ ಜೀವಮಾನದಲ್ಲೂ ನಾಲ್ಕಾರು ಇದ್ದವು. ಯಾವುದೂ ಹೆಂಗಸರಿಗೆ ಬೇಕಾದ ದಿನದೊಳಗೆ ಸರಿಯಾಗಿರಲಿಲ್ಲ.

ಆದರೆ ಬೆಂಚಿನಲ್ಲಿ ಕೂತವಳೂ ಹೆಂಗಸೇ.

"ಸೌದಾಮಿನಿಗೆ ಸೋಮವಾರ ಇಲ್ವಾ ಇತ್ತಾ?" ಎಂದಳು. "ಇವತ್ತು ಸ್ಟೇಷನ್ನಿನ ಮೆಟ್ಟಿಲು ಹತ್ತಿದ್ರೆ ನಾಳೆ ಮಧೂರಿನಲ್ಲಿ ಅವಳು ಯಾವ ಮುಖದಲ್ಲಿ ಬಸ್ಸು ಇಳಿಯುದು? ಇಪ್ಪತ್ತಮೂರು ಸಲ ಕದ್ದವಳು ಅಂತ ಕರೀತಾರೆ."

"ಎಷ್ಟು ಸಲ?"

"ಇಪ್ಪತ್ತಮೂರು."

ಪಾತುಮ್ಮ ಅವಳನ್ನೇ ನೋಡಿದರು. ಆಮೇಲೆ ಬೆರಳು ಮಡಚತೊಡಗಿದರು. ಮಡಚದ ಬೆರಳನ್ನು ಬಿಟ್ಟು ಎಣಿಸಿದರು. ಮನೆಯ ಅಡ್ವಾನ್ಸಿಗೆ ಐದು ಸಲ. ಹಾಸಿಗೆಗೆ ಎರಡು. ಗ್ಯಾಸಿಗೆ ಒಂದು. ಮಗುವಿನ ಶಾಲೆಗೆ ಒಂದು.

"ಒಂಬತ್ತು," ಎಂದರು. "ನಾನು ತೆಗೆದದ್ದು ಒಂಬತ್ತು ಸಲ, ರಝಿಯಾ. ಕುರ್‌ಆನ್ ಮುಟ್ಟಿ ಹೇಳ್ತೇನೆ. ನಡುವೆ ಹತ್ತು ದಿನ ನಾನು ಮಂಗಳೂರಿನಲ್ಲಿ ಕಣ್ಣು ಕಟ್ಟಿಸಿಕೊಂಡು ಮಲಗಿದ್ದೆ. ಆ ದಿನಗಳಲ್ಲಿ ಚೀಟಿ ಉಂಟಾ?"

ರಝಿಯಾ ಚೀಟಿಗಳನ್ನು ಹರಡಿದಳು. ಆ ಹತ್ತು ದಿನಗಳಲ್ಲಿ ಎಂಟು ಚೀಟಿ ಇದ್ದವು. ಪಕ್ಕಕ್ಕಿಟ್ಟ ಒಂಬತ್ತನೆಯ ಚೀಟಿಯೂ ಅದರಲ್ಲೇ ಇತ್ತು.

"ನೀವು ಕೆಳಗೆ ಹೋಗಿ ಇತ್ತಾ," ಎಂದಳು. "ಅವರು ಬರುವ ಹೊತ್ತಾಯ್ತು."

"ನೀನು ಎಂತ ಮಾಡ್ತಿ?"

"ಗೊತ್ತಿಲ್ಲ."

ಬಾಗಿಲ ತನಕ ಹೋದ ಪಾತುಮ್ಮ ಹಿಂದೆ ತಿರುಗಿದರು. ಏನೋ ಕೇಳಿಕೊಳ್ಳಲು ಬಾಯಿ ತೆರೆದವರು, ಕೇಳಿಕೊಳ್ಳುವ ಹಕ್ಕು ತನಗಿಲ್ಲ ಎಂದು ನೆನಪಾದವರ ಹಾಗೆ ಮುಚ್ಚಿದರು. "ಸಾರು ಆರ್ತದೆ," ಎಂದಷ್ಟೇ ಹೇಳಿ ಇಳಿದು ಹೋದರು.

ಒಂಬತ್ತನೆಯ ಚೀಟಿ ಬುಧವಾರದ್ದು. ಒಂದು ಹನ್ನೊಂದು. ರಝಿಯಾ ಪರದೆಯ ಒಂದು ಇಪ್ಪತ್ತಮೂರಕ್ಕೆ ಹೋದಳು. ಮೂರನೇ ಕೌಂಟರಿನಲ್ಲಿ ಯಾರೂ ಇಲ್ಲ. ಕುರ್ಚಿ ಒಳಗೆ ತಳ್ಳಿದೆ. ಡ್ರಾಯರ್ ಮುಚ್ಚಿದೆ. ಒಂದು ನಿಮಿಷ ಮುಂದೆ, ಒಂದು ನಿಮಿಷ ಹಿಂದೆ, ನೊಣ ಕೂಡ ಬಂದು ಕೂರಲಿಲ್ಲ. ಆದರೂ ಚೀಟಿ ಹುಟ್ಟಿದೆ, ಸೌದಾಮಿನಿಯ ಹೆಸರಿನಲ್ಲಿ.

ಯಾವ ಕೌಂಟರಿನ ಕೋಡನ್ನಾದರೂ ಹಾಕಿ ರಿಟರ್ನ್ ಮಾಡಬಹುದಾದ ಮೆಷಿನ್ ಇನ್ನೊಂದು ಇತ್ತು. ಮ್ಯಾನೇಜರನ ಕೋಣೆಯಲ್ಲಿ. ಇಡೀ ಅಂಗಡಿಯಲ್ಲಿ ಕ್ಯಾಮೆರಾ ಇಲ್ಲದ ಜಾಗ ಆ ಕೋಣೆ ಒಂದೇ. ಆದರೆ ಅದರ ಹೊರಗಿನ ಓಣಿಯಲ್ಲಿ ಇತ್ತು.

ಓಣಿಯ ಕ್ಯಾಮೆರಾದಲ್ಲಿ ಅದೇ ಹೊತ್ತಿಗೆ ಹೋದಳು. ಒಂದು ಇಪ್ಪತ್ತೊಂದಕ್ಕೆ ರಿಯಾಝ್ ಒಳಗೆ ಹೋದ. ಒಂದು ಇಪ್ಪತ್ತೈದಕ್ಕೆ ಹೊರಗೆ ಬಂದ. ಬರುವಾಗ ಉದ್ದದ ಬಿಳಿ ಚೀಟಿಯೊಂದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ಇನ್ನೆರಡು ಚೀಟಿ ನೋಡಿದಳು. ಅದೇ ಓಣಿ, ಅದೇ ಬಾಗಿಲು, ಅದೇ ಜೇಬು.

ಸಂಜೆ ಎಲ್ಲ ಡ್ರಾಯರಿನ ಹಣ ಎಣಿಸಿ ಕಟ್ಟುವವನು ಅವನೇ. ಚೀಟಿಯ ಮೊತ್ತವನ್ನು ಆಗ ತೆಗೆದುಕೊಂಡರೆ ಸರಿಯಾಯಿತು. ಅತ್ತೆ ಹಣ ತೆಗೆಯುವುದು ಅವನಿಗೆ ಲೆಕ್ಕದಲ್ಲಿ ಎಂದೋ ಕಂಡಿರಬೇಕು. ಬೈಯಲಿಲ್ಲ, ಹೇಳಲಿಲ್ಲ. ಅವರು ತೆಗೆಯುವ ಹೊತ್ತಿಗೇ ತಾನೂ ತೆಗೆಯತೊಡಗಿದ. ಪೊಕ್ಕರಿಚ್ಚ ಕ್ಯಾಮೆರಾ ನೋಡಿಸುತ್ತೇನೆ ಎಂದಾಗ, ಈ ವಾರದ ಸೋಮವಾರ, 'ಅದೆಲ್ಲ ಯಾಕೆ ಮಾವ, ಸುಮ್ಮನೆ' ಎಂದವನು, ಬುಧವಾರ ರಝಿಯಾಳ ಹಾಳೆಯಲ್ಲಿ ಸೌದಾಮಿನಿಯ ಹೆಸರು ಕಂಡ ಮೇಲೆ ದಿನಕ್ಕೆ ಮೂರು ಸಲ ಮೇಲೆ ಬಂದು ಹೋಗುತ್ತಿದ್ದ. ಅವನಿಗೇ ಆಶ್ಚರ್ಯ ಆಗಿರಬೇಕು. ದೇವರು ಕೊಟ್ಟ ಹಾಗೆ ಕ್ಯಾಮೆರಾ ಅವನ ಪರ ಸಾಕ್ಷಿ ಹೇಳಿತ್ತು.

ರಝಿಯಾ ಪರದೆಯನ್ನು ಮತ್ತೆ ಹದಿನೇಳನೆಯ ಚೀಟಿಯ ಹಳೆಯ ಹೊತ್ತಿಗೆ ತಂದಿಟ್ಟು ಪತ್ತಿರಿ ಮುರಿದಳು. ಬಾಗಿಲು ತೆರೆದದ್ದು ಆಗಲೇ.

"ರಝಿಯಾತ್ತ, ಪಿಕ್ಚರ್ ಮುಗೀತಾ?" ರಿಯಾಝನ ಜೊತೆಗೆ ಅತ್ತರಿನ ವಾಸನೆಯೂ ಒಳಗೆ ಬಂತು. ಟೊಪ್ಪಿ ಮಡಚಿ ಜೇಬಿಗೆ ಹಾಕಿಕೊಂಡ. ಅದೇ ಜೇಬು.

"ಐದು ಬಾಕಿ ಉಂಟು."

"ಅದರಲ್ಲಿ ಎಂತ ನೋಡುದು? ಹದಿನೆಂಟರಲ್ಲಿ ಇದ್ದವಳು ಐದರಲ್ಲಿ ಸನ್ಯಾಸಿ ಆಗ್ತಾಳಾ?" ನಕ್ಕು ಅವಳ ತಟ್ಟೆ ನೋಡಿದ. "ಅತ್ತೆ ನಿಮಗೆ ಬಂಗುಡೆ ಕೊಡ್ತಾರೆ. ಅಳಿಯನಿಗೆ ಬರೀ ಮುಳ್ಳು."

"ನಾಲ್ಕು ಗಂಟೆಗೆ ಹಾಳೆ ಕೊಡ್ತೇನೆ."

"ನಾಲ್ಕೂವರೆಗೆ ಪ್ರವೀತ್ ಬರ್ತಾನೆ. ಡಿಸ್ಕ್ ತುಂಬಿದೆಯಂತೆ, ಅಳಿಸಿ ಹೊಸದಾಗಿ ಹಾಕ್ತಾನೆ. ಅಷ್ಟರೊಳಗೆ ಸೈನು ಹಾಕಿಡಿ."

ರಝಿಯಾ ತುತ್ತನ್ನು ನುಂಗಿದಳು. "ಪೊಕ್ಕರಿಚ್ಚ ವಿಡಿಯೊ ಕೂಡ ತೋರಿಸ್ಬೇಕು ಅಂದಿದ್ರು."

"ಮೂರನೇ ಕೌಂಟರಿನ ನಾಲ್ಕು ತುಂಡು ನಾನೇ ಕಾಪಿ ಮಾಡಿ ಇಡ್ತೇನೆ. ಸಾಕು. ಮತ್ತೆ ನಿಮ್ಮ ಸೈನು ಉಂಟಲ್ಲ. ರಝಿಯಾತ್ತ ನೋಡಿದ್ದೇನೆ ಅಂದ್ರೆ ಈ ಊರಿನಲ್ಲಿ ನಂಬದವರು ಯಾರಿದ್ದಾರೆ ಹೇಳಿ?"

ಅವನು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದ. ಶಿಳ್ಳೆ ಹಾಕುತ್ತ ಇಳಿದು ಹೋದ.

ಅವನ ಹೆಜ್ಜೆ ದೂರವಾದ ಮೇಲೆ ಇನ್ನೊಂದು ಹೆಜ್ಜೆ ಬಂದು ಹೊಸಿಲ ಹೊರಗೆ ನಿಂತಿತು. ಸೌದಾಮಿನಿ. ಕೈಯಲ್ಲಿ ಅದೇ ಡಬ್ಬಿ.

"ರಝಿಯಕ್ಕ, ಒಳಗೆ ಬರುದಿಲ್ಲ. ನನಗೆ ಮೇಲೆ ಬರ್ಲಿಕ್ಕಿಲ್ಲ ಅಂತ ಆರ್ಡರ್ ಆಗಿದೆ. ಒಂದು ಕೇಳ್ತೇನೆ."

"ಕೇಳು."

"ಆ ಟೀವಿಯಲ್ಲಿ ನಾನು ನಿಜಕ್ಕೂ ಕಳ್ಳಿಯ ಹಾಗೆ ಕಾಣ್ತೇನಾ?" ನಗಲು ನೋಡಿದಳು. "ಮದುವೆಯ ವಿಡಿಯೊದಲ್ಲೂ ನಾನು ಚಂದ ಬಂದಿರ್ಲಿಲ್ಲ, ಅದಕ್ಕೆ ಕೇಳಿದೆ."

ರಝಿಯಾಳ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಹೇಳಿದರೆ ಇವಳು ಕುಣಿಯುತ್ತ ಕೆಳಗೆ ಓಡುತ್ತಾಳೆ. ಹನ್ನೆರಡು ನಿಮಿಷದ ಸುದ್ದಿ ಐದು ನಿಮಿಷದಲ್ಲಿ ಅಂಗಡಿಗೆಲ್ಲ ತಿಳಿಯುತ್ತದೆ. ಸರಿಯಾದ ಹೊತ್ತಿಗೆ ಪರದೆ ಸರಿಸಿದರೆ ಮೊದಲು ಕಾಣುವುದು ಪಾತುಮ್ಮನ ಕೈ. ಆ ಗಲಾಟೆಯ ಮರೆಯಲ್ಲಿ ಓಣಿಯ ಚಿತ್ರ ಅಳಿದುಹೋಗುತ್ತದೆ. ಸಜ್ನಾಳ ಸೋಮವಾರವೂ ಅದರ ಜೊತೆಗೆ ಹೋಗುತ್ತದೆ.

ಹೇಳದಿದ್ದರೆ ಐದು ಗಂಟೆ.

"ನೀನು ಊಟ ಮಾಡು," ಎಂದಳು ರಝಿಯಾ.

"ಮನೆಯಲ್ಲಿ ನಮ್ಮ ಯಜಮಾನರಿಗೆ, ಗಣೇಶಪ್ರಸಾದರಿಗೆ, ಹೇಳ್ಲಿಲ್ಲ ಅಕ್ಕ. ಹೇಗೆ ಹೇಳುದು ಅಂತ ಬೆಳಿಗ್ಗೆಯಿಂದ ಅಭ್ಯಾಸ ಮಾಡ್ತಾ ಇದ್ದೇನೆ. ಕಳವು ಎಂಬ ಪದ ಬಾಯಿಗೆ ಬರುವುದೇ ಇಲ್ಲ."

"ಅಭ್ಯಾಸ ಮಾಡ್ಬೇಡ. ಹೋಗಿ ಉಣ್ಣು."

ಸೌದಾಮಿನಿ ಅವಳ ಮುಖವನ್ನು ಒಂದು ಗಳಿಗೆ ಹುಡುಕಿದಳು. ಏನೂ ಸಿಗದೆ ಇಳಿದು ಹೋದಳು. ಪರದೆಯಲ್ಲಿ ಅವಳು ಮತ್ತೆ ಬೆಂಚಿಗೆ ಬಂದು ಕೂತದ್ದು, ಡಬ್ಬಿಯ ಮುಚ್ಚಳ ತೆಗೆದದ್ದು, ಮತ್ತೆ ಮುಚ್ಚಿದ್ದು ಕಂಡಿತು.

ರಝಿಯಾ ಹಾಳೆಯನ್ನು ಎದುರಿಗೆ ಎಳೆದುಕೊಂಡಳು. ತನ್ನದೇ ಅಕ್ಷರ, ತನ್ನದೇ ಹದಿನೇಳು ಟಿಕ್ಕು. ಅದನ್ನು ನಾಲ್ಕಾಗಿ ಹರಿದು, ಮೀನಿನ ಮುಳ್ಳಿನ ಜೊತೆ ಹಳೆಯ ಪೇಪರಿನಲ್ಲಿ ಸುತ್ತಿದಳು.

ಹಾಳೆ ಇಲ್ಲವಾದರೆ ರಿಯಾಝ್ ಇನ್ನೊಬ್ಬರಿಂದ ಬರೆಸುತ್ತಾನೆ. ವಿಡಿಯೊವೇ ಇಲ್ಲವಾದರೆ? ಕಣ್ಣಲ್ಲಿ ನೋಡದೆ ಪೊಕ್ಕರಿಚ್ಚ ಕಂಪ್ಲೇಂಟ್ ಕೊಡುವುದಿಲ್ಲ. ಹೆಂಡತಿಯ ಚಿನ್ನದ ಮಾತೊಂದನ್ನು ಬಿಟ್ಟರೆ, ಮೂವತ್ತು ವರ್ಷದಿಂದ ಆ ಮನುಷ್ಯ ಮಾತು ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಅವಳು ಮೂಲೆಯ ಕಪ್ಪು ಪೆಟ್ಟಿಗೆಯ ಎದುರು ಹೋಗಿ ನಿಂತಳು. ಪ್ರವೀತ್ ಅದನ್ನು ಬಿಚ್ಚಿದ್ದನ್ನು ಅಂದು ಪಕ್ಕದಲ್ಲೇ ನಿಂತು ನೋಡಿದ್ದಳು. ಹಿಂದೆ ಮೂರು ತಿರುಪು. ಒಳಗೆ ಎರಡು ವಯರು. ಡಿಸ್ಕ್ ಒಂದು ಸಾಬೂನಿನ ಡಬ್ಬಿಯಷ್ಟಿತ್ತು. ಹೆಗಲಚೀಲದಲ್ಲಿ ಮಡಚಿಟ್ಟ ನಮಾಝಿನ ಬಟ್ಟೆಯ ಕೆಳಗೆ ಹಿಡಿಸುತ್ತದೆ. ಸೋಮವಾರ ಸಂಜೆ ಸಜ್ನಾ ಆಫೀಸಿನಿಂದ ಇಳಿದ ಮೇಲೆ ಅದನ್ನು ತಂದು ಪೊಕ್ಕರಿಚ್ಚನ ಮೇಜಿನ ಮೇಲಿಡಬಹುದು. ಓಣಿ, ಕೌಂಟರು, ಕೈ, ಜೇಬು, ಎಲ್ಲ ಇದ್ದದ್ದು ಇದ್ದ ಹಾಗೆ.

ಅಲ್ಲಿಯವರೆಗೆ ಡಿಸ್ಕ್ ಕದ್ದ ಕಳ್ಳಿ ಯಾರು ಎಂದು ಯಾರೂ ಹುಡುಕಬೇಕಾಗಿಲ್ಲ. ಈ ಕೋಣೆಯ ಬೀಗದ ಕೈ ಒಬ್ಬಳ ಸೊಂಟದಲ್ಲಿ ಮಾತ್ರ ಇರುವುದು. ಶಾರ್ಜಾಕ್ಕೆ ಸುದ್ದಿ ಹೋಗಲು ಒಂದು ದಿನ ಸಾಕು. ಗಂಡ ಏನು ಕೇಳುತ್ತಾನೆ, ಕೇಳುವ ಮೊದಲು ಅವನ ಹುಬ್ಬು ಹೇಗೆ ಕೂಡುತ್ತದೆ ಎಂಬುದು ಅವಳಿಗೆ ಈಗಲೇ ಕಾಣಿಸಿತು.

ಕೈ ತೊಳೆದಳು. ತಟ್ಟೆ ತೊಳೆದಳು. ಬಾಗಿಲಿಗೆ ಬೀಗ ಹಾಕಿ ಕೆಳಗೆ ಇಳಿದಳು.

ಬೆಂಚಿನ ಎದುರಿನಿಂದ ಹೋಗುವಾಗ ಸೌದಾಮಿನಿ ತಲೆ ಎತ್ತಿದಳು. ರಝಿಯಾ ನಿಲ್ಲಲಿಲ್ಲ. ಬಕೆಟ್ಟು, ಪೊರಕೆಗಳ ಸಾಲು ದಾಟಿ, ಬಲ್ಬು, ಪ್ಲಗ್ಗುಗಳ ಹತ್ತಿರ ನಿಂತು, ಕೆಂಪು ಹಿಡಿಯ ಒಂದು ಸ್ಕ್ರೂಡ್ರೈವರ್ ಆರಿಸಿದಳು. ಒಂದನೇ ಕೌಂಟರಿಗೆ ತಂದಿಟ್ಟಳು.

"ಎಂತಕ್ಕೆ ರಝಿಯಾತ್ತ?" ಕೌಂಟರಿನ ಹುಡುಗಿ ಕೇಳಿದಳು.

"ಮನೆಯಲ್ಲಿ ಮಿಕ್ಸಿ ಸಡಿಲಾಗಿದೆ."

"ನಲವತ್ತೈದು. ನಮ್ಮವರಿಗೆ ಬಿಲ್ಲು ಬೇಡ ಅಲ್ವಾ?"

"ಬೇಕು," ಎಂದಳು ರಝಿಯಾ. "ನನ್ನ ಹೆಸರು ಹಾಕಿ ಕೊಡು."